ಆನ್‌ಲೈನ್ ಕಲಿಕೆಯ ಪ್ರಶ್ನಾವಳಿಯಲ್ಲಿ ‘ಸಿದ್ಧತೆ’, ‘ಗೊತ್ತು’, ‘ಬರುತ್ತದೆ’: ಬಳಕೆಯ ಕುರಿತು ಪ್ರಶ್ನೆ

ಮಾನ್ಯರೇ,

ಸರ್ಕಾರಿ ಪದವಿ ಕಾಲೇಜೊಂದರಲ್ಲಿ ಮೊದಲ ವರ್ಷಕ್ಕೆ ಸೇರುವ ವಿದ್ಯಾರ್ಥಿಗಳು ಆನ್‌ಲೈನ್ ಪಾಠಗಳನ್ನು ತಾವಾಗಿಯೇ ಅನುಸರಿಸಬಲ್ಲರೇ ಎಂದು ತಿಳಿಯಲು ನಾವು ಕೆಲವು ಅಧ್ಯಾಪಕರು ಕನ್ನಡದಲ್ಲಿ ಪ್ರಶ್ನಾವಳಿಯೊಂದನ್ನು ರೂಪಿಸುತ್ತಿದ್ದೇವೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2021ರ ನಿಯಮಾವಳಿಯು ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ 40ರವರೆಗೆ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ‘ಸ್ವಯಂ’ ವೇದಿಕೆಯ ಮೂಲಕ ಪೂರೈಸಲು ಅವಕಾಶ ಕೊಟ್ಟಿರುವುದರಿಂದ, ಈ ಅಳತೆ ತಪ್ಪಿದರೆ ನಷ್ಟವಾಗುವುದು ವಿದ್ಯಾರ್ಥಿಗೇ. ಪ್ರಶ್ನಾವಳಿಯ ಭಾಷೆಯಲ್ಲಿ ಎರಡು ತೊಡಕುಗಳಿವೆ. ಎರಡನೆಯದೇ ನನ್ನನ್ನು ಹೆಚ್ಚು ಕಾಡುತ್ತಿದೆ.

ಮೊದಲನೆಯದು, ಕಲಿಕೆಗೆ ವಿದ್ಯಾರ್ಥಿಗಳು ಎಷ್ಟು ಅಣಿಯಾಗಿದ್ದಾರೆ ಎಂಬ ಅರ್ಥದಲ್ಲಿ ಬಳಸುವ ‘ಸಿದ್ಧತೆ’. ಮದುವೆಯ ಸಿದ್ಧತೆ, ಚುನಾವಣೆಯ ಸಿದ್ಧತೆ ಎಂದಾಗ ನಡೆಯುತ್ತಿರುವ ಕೆಲಸ ಕಣ್ಣಿಗೆ ಕಟ್ಟುತ್ತದೆಯೇ ಹೊರತು ವ್ಯಕ್ತಿಯೊಬ್ಬರ ಸ್ಥಿತಿಯಲ್ಲ. ಅಲ್ಲದೆ, ಎಸ್‌ಎಸ್‌ಎಲ್‌ಸಿಯಲ್ಲಿ ‘ಪೂರ್ವಸಿದ್ಧತಾ ಪರೀಕ್ಷೆ’ ಬರೆದು ಬಂದವರು ‘ಆನ್‌ಲೈನ್ ಕಲಿಕಾ ಸಿದ್ಧತೆಯ ಮೌಲ್ಯಮಾಪನ’ ಎಂಬ ಶೀರ್ಷಿಕೆ ಕಂಡೊಡನೆ ಇದೂ ಅಂಕ ಹಾಕುವ ಪರೀಕ್ಷೆಯೆಂದು ತಿಳಿದು, ಬಾರದ್ದನ್ನೂ ಬರುತ್ತದೆ ಎಂದು ಬರೆದುಬಿಡುವ ಸಾಧ್ಯತೆಯಿದೆ. ‘ಸನ್ನದ್ಧತೆ’ ಎಂದರೆ ಸೇನೆಯ ನೆನಪಾಗುತ್ತದೆ. ಬಿತ್ತನೆಗೆ ನೆಲ ಹದವಾಗಿದೆ ಎನ್ನುವಾಗಿನ ‘ಹದ’ ಅರ್ಥಕ್ಕೆ ತೀರ ಹತ್ತಿರವಾದರೂ ಅದನ್ನು ವಿದ್ಯಾರ್ಥಿಗೆ ಹಚ್ಚಲು ಮನಸ್ಸೊಪ್ಪುವುದಿಲ್ಲ. ಸದ್ಯ ‘ಆನ್‌ಲೈನ್ ಕಲಿಕೆಗೆ ನಿಮಗೆ ಯಾವ ನೆರವು ಬೇಕು?’ ಎಂಬ ಶೀರ್ಷಿಕೆ ಇಟ್ಟಿದ್ದೇವೆ.

ಎರಡನೆಯದು ಕ್ರಿಯಾಪದದ ಆಯ್ಕೆ. ‘ಇಮೇಲ್ ಕಳುಹಿಸುವುದು ಗೊತ್ತೇ?’, ‘ಕಳುಹಿಸಲು ಬರುತ್ತದೆಯೇ?’, ‘ಕಳುಹಿಸಬಲ್ಲಿರಾ?’ ಎಂಬ ಮೂರೂ ಮೇಲ್ನೋಟಕ್ಕೆ ಒಂದೇ. ನನ್ನ ಕಿವಿಗೆ ಮಾತ್ರ ‘ಗೊತ್ತು’ ಎಂಬುದು ತಿಳಿವಳಿಕೆಯನ್ನೂ ‘ಬರುತ್ತದೆ’ ಎಂಬುದು ಕೈಗೆ ಹತ್ತಿದ ವಿದ್ಯೆಯನ್ನೂ ಸೂಚಿಸುತ್ತದೆ. ‘ಬಲ್ಲೆ’ ಎಂಬುದರಲ್ಲಿ ಆತ್ಮವಿಶ್ವಾಸದ ಪಾಲು ಹೆಚ್ಚು, ಮಾತಿನಲ್ಲಿ ಅದರ ಬಳಕೆ ಕಡಿಮೆ. ಇಮೇಲ್ ಗೊತ್ತು ಎಂದು ಬರೆದಿದ್ದ ಒಬ್ಬ ವಿದ್ಯಾರ್ಥಿನಿಯನ್ನು ವಿಚಾರಿಸಿದಾಗ, ಪ್ರವೇಶದ ಅರ್ಜಿ ತುಂಬುವಾಗ ಸೈಬರ್ ಸೆಂಟರಿನವರು ಅವಳ ಹೆಸರಿನಲ್ಲಿ ಇಮೇಲ್ ತೆರೆದುಕೊಟ್ಟಿದ್ದರೆಂದೂ ಪಾಸ್‌ವರ್ಡ್ ಅವರ ಬಳಿಯೇ ಇದೆಯೆಂದೂ ತಿಳಿಯಿತು. ಅದೇ ಹುಡುಗಿ ನೋಟ್ಸಿನ ಪುಟಗಳ ಫೋಟೊ ತೆಗೆದು ವಾಟ್ಸ್ಆ್ಯಪಿನಲ್ಲಿ ಚಕಚಕನೆ ಕಳುಹಿಸುತ್ತಾಳೆ. ಆ ಫೋಟೊಗಳನ್ನು ಸೇರಿಸಿ ಒಂದೇ ಪಿಡಿಎಫ್ ಮಾಡು ಎಂದರೆ ನಿಂತುಬಿಡುತ್ತಾಳೆ. ‘ಮೊಬೈಲ್ ಬಳಸಲು ಬರುತ್ತದೆ’ ಎಂಬ ಒಂದು ಉತ್ತರದಲ್ಲಿ ಇವೆಲ್ಲವೂ ಮುಚ್ಚಿಹೋಗುತ್ತವೆ.

ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಸಮೀಕ್ಷಾ ಮಾದರಿಯು ಸಾಮರ್ಥ್ಯವನ್ನು ಕೇಳದೆ, ಕಳೆದ ಮೂರು ತಿಂಗಳಲ್ಲಿ ಇಂಥ ಕೆಲಸ ಮಾಡಿದ್ದೀರಾ ಎಂದು ಕೇಳುತ್ತದೆ. ಗ್ರಾಮೀಣ ಭಾಗದ 14ರಿಂದ 18 ವಯಸ್ಸಿನವರ ನಡುವೆ ನಡೆದ 2023ರ ‘ಅಸರ್’ ಎಂಬ ಶೈಕ್ಷಣಿಕ ಸ್ಥಿತಿಗತಿಯ ಸಮೀಕ್ಷೆ ಇನ್ನೂ ಮುಂದೆ ಹೋಗಿ, ಅಲಾರಂ ಇಡುವುದು, ಮಾಹಿತಿ ಹುಡುಕುವುದು, ನಕ್ಷೆ ನೋಡಿ ಪ್ರಯಾಣದ ಸಮಯ ಹೇಳುವುದು, ವಿಡಿಯೊ ಹುಡುಕಿ ಹಂಚುವುದು ಮುಂತಾದವನ್ನು ಫೋನಿನಲ್ಲಿ ಮಾಡಿಸಿಯೇ ನೋಡಿತು. ಎಲ್ಲರಿಂದಲೂ ಮಾಡಿಸಿ ನೋಡುವಷ್ಟು ಜನಬಲ ನಮಗಿಲ್ಲ. ‘ಮಾಡಿದ್ದೀರಾ’ ಎಂದಷ್ಟೇ ಕೇಳೋಣವೆಂದರೆ, ಬಂದರೂ ಫೋನ್ ಸಿಗದೆ ಮಾಡದವರು ಬಾರದವರ ಲೆಕ್ಕಕ್ಕೆ ಸೇರಿಹೋಗುತ್ತಾರೆ. ಅದೇ ಸಮೀಕ್ಷೆಯಲ್ಲಿ, ಸ್ಮಾರ್ಟ್‌ಫೋನ್ ಬಳಸಲು ಬರುವವರ ಪೈಕಿ ಸ್ವಂತ ಫೋನ್ ಇದ್ದ ಹುಡುಗರ ಪ್ರಮಾಣ ಹುಡುಗಿಯರದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚಿತ್ತು. ಆದ್ದರಿಂದ ಈ ಅನ್ಯಾಯ ಹೆಚ್ಚಾಗಿ ತಟ್ಟುವುದು ಹುಡುಗಿಯರಿಗೆ. ಹಾಗಾಗಿ ‘ಮಾಡಿದ್ದೀರಾ’ ಎಂಬುದರ ಜೊತೆಗೆ ಸಾಮರ್ಥ್ಯ ಸೂಚಿಸುವ ಒಂದು ಕ್ರಿಯಾಪದವೂ ನಮಗೆ ಬೇಕೇ ಬೇಕು.

ನನ್ನ ಒಲವು ‘ಯಾರ ಸಹಾಯವೂ ಇಲ್ಲದೆ ಇಮೇಲ್ ಕಳುಹಿಸಲು ನಿಮಗೆ ಬರುತ್ತದೆಯೇ?’ ಎಂಬ ವಾಕ್ಯದ ಕಡೆಗಿದೆ. ‘ಗೊತ್ತು’ ಮತ್ತು ‘ಬರುತ್ತದೆ’ಗಳ ನಡುವೆ ನಾನು ಕಾಣುವ ಈ ಅಂತರ ಧಾರವಾಡ, ಕಲಬುರಗಿ ಮತ್ತು ಕರಾವಳಿಯ ಮಾತಿನಲ್ಲೂ ಇದೆಯೇ, ಅಥವಾ ಅಲ್ಲಿನ ವಿದ್ಯಾರ್ಥಿಗಳಿಗೆ ‘ಕಳುಹಿಸಲು ಆಗುತ್ತದೆಯೇ’ ಎಂಬುದೇ ಹೆಚ್ಚು ಸಹಜವೇ? ‘ಆಗುತ್ತದೆ’ ಎಂದರೆ ಅನುಕೂಲದ ಪ್ರಶ್ನೆಯೆಂದು ತಿಳಿದು, ಫೋನ್ ಇಲ್ಲದವರು ‘ಇಲ್ಲ’ ಎಂದುಬಿಟ್ಟಾರೆಂಬ ಅನುಮಾನ ನನಗಿದೆ. ಆಯಾ ಭಾಗದ ಬಳಕೆಯನ್ನು ಬಲ್ಲವರು ಉದಾಹರಣೆಯೊಂದಿಗೆ ತಿಳಿಸಬೇಕೆಂದು ಕೋರುತ್ತೇನೆ.