ಅಪ್‌ಡೇಟ್: ರೆಫರಲ್ ಕೇಳುವ ಮೊದಲು ನಾನು ಕೊಟ್ಟದ್ದು

ಮುಖಪರಿಚಯವಿಲ್ಲದ ಹಿರಿಯ ಎಂಜಿನಿಯರ್ ಒಬ್ಬರಲ್ಲಿ ಲಿಂಕ್ಡ್‌ಇನ್ ಮೂಲಕ ರೆಫರಲ್ (ಅವರ ಕಂಪನಿಯ ಕೆಲಸಕ್ಕೆ ಶಿಫಾರಸು) ಕೇಳುವುದು ಸರಿಯೇ, ಅವರಿಗೆ ಕೊಡುವಂಥದ್ದು ನನ್ನಲ್ಲಿ ಏನಿದೆ ಎಂದು ಹಿಂದೆ ಕೇಳಿದ್ದೆ. ಮೊದಲು ಅವರ ಕೆಲಸಕ್ಕೆ ನೆರವಾಗಿ ಎಂದು ನಿಮ್ಮಲ್ಲಿ ಹಲವರು ಹೇಳಿದಿರಿ, ಹಾಗೆಯೇ ಮಾಡಿದೆ.

ಮಳೆಗಾಲದಲ್ಲಿ ಕಾಸ್ಟಿಂಗ್‌ಗಳಲ್ಲಿ (ಅಚ್ಚಿಗೆ ಕರಗಿದ ಲೋಹ ಸುರಿದು ಮಾಡಿದ ಭಾಗಗಳಲ್ಲಿ) ಬ್ಲೋಹೋಲ್, ಅಂದರೆ ಆವಿ ಅಥವಾ ಅನಿಲ ಸಿಕ್ಕಿಕೊಂಡು ಆಗುವ ಟೊಳ್ಳು, ಹೆಚ್ಚುತ್ತಿದೆ ಎಂದು ಪುಣೆಯಲ್ಲಿರುವ ಆ ಎಂಜಿನಿಯರ್ ಬರೆದಿದ್ದರು. ಬೆಳಗಾವಿಯ ಉದ್ಯಮಬಾಗದಲ್ಲಿರುವ ನಮ್ಮ ಫೌಂಡ್ರಿಯಲ್ಲಿ ಗ್ರೀನ್ ಸ್ಯಾಂಡ್‌ನ (ಅಚ್ಚು ಮಾಡುವ ತೇವದ ಮರಳಿನ) ತೇವಾಂಶವನ್ನು ಪಾಳಿಗೊಮ್ಮೆಯ ಬದಲು ಗಂಟೆಗೊಮ್ಮೆ ಅಳೆದು, ಶೇ. 3ರಿಂದ 4ರೊಳಗೆ ಹಿಡಿದಿಡುವ ಕ್ರಮವನ್ನು ಮಾಲೀಕರ ಅನುಮತಿ ಪಡೆದು ವಿವರವಾಗಿ ಬರೆದು ಕಳುಹಿಸಿದೆ. (ಅನುಮತಿ ಮುಖ್ಯ, ಕಂಪನಿಯ ಗುಟ್ಟನ್ನು ನಮ್ಮ ಕೊಡುಗೆಯಾಗಿ ಹಂಚಬಾರದು.) ಅವರು ಮರುಪ್ರಶ್ನೆಗಳನ್ನು ಕೇಳಿದರು, ಬಳಿಕ ತಾವಾಗಿಯೇ ನನ್ನ ರೆಸ್ಯೂಮೆ ತರಿಸಿಕೊಂಡು ತಿದ್ದಿಕೊಟ್ಟರು. ರೆಫರಲ್ ಇನ್ನೂ ಕೇಳಿಲ್ಲ. ಅವರ ವಿಭಾಗದಲ್ಲಿ ಹುದ್ದೆ ಖಾಲಿಯಾದಾಗ ಸಂಕೋಚವಿಲ್ಲದೆ ಕೇಳುತ್ತೇನೆ.