ಅಪ್‌ಡೇಟ್: ಪ್ಯಾಚ್ ಸರಿಯಾಗಿಯೇ ಕೂತಿತ್ತು, ನಾನು ನೋಡಿದ ಜಾಗ ತಪ್ಪು

ಹೋದ ವಾರ ಕೇಳಿದ್ದೆ: ವಿಜಯಪುರದ ನಮ್ಮ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜ್‌ನ ಫ್ರೀಬಿಎಸ್‌ಡಿ (ಲಿನಕ್ಸ್‌ನಂಥ ಒಂದು ಆಪರೇಟಿಂಗ್ ಸಿಸ್ಟಮ್) ಸರ್ವರ್‌ಗೆ ಸೆಕ್ಯುರಿಟಿ ಪ್ಯಾಚ್ ಹಾಕಿ ರೀಬೂಟ್ ಮಾಡಿದೆ. ಆದರೂ 'ಯುನೇಮ್ -ಆರ್' ಕಮಾಂಡ್ ಹಳೆಯ ವರ್ಷನ್ ನಂಬರನ್ನೇ ತೋರಿಸುತ್ತಿದೆ, ಯಾಕೆ?

ಕಾರಣ ಸಿಕ್ಕಿತು. ಯುನೇಮ್ ಹೇಳುವುದು ಈಗ ಓಡುತ್ತಿರುವ ಕರ್ನಲ್‌ನ (ಸಿಸ್ಟಮ್‌ನ ತಿರುಳು ಭಾಗ) ನಂಬರ್ ಮಾತ್ರ. ಈ ಸಲದ ಪ್ಯಾಚ್ ಕರ್ನಲ್ ಮುಟ್ಟಿರಲೇ ಇಲ್ಲ, ಬರೀ ಲೈಬ್ರರಿಗಳದ್ದು. ಇಲ್ಲಿ ಒಬ್ಬ ಅಣ್ಣ ಹೇಳಿದಂತೆ 'ಫ್ರೀಬಿಎಸ್‌ಡಿ-ವರ್ಷನ್ -ಕೆಆರ್‌ಯು' ಕೊಟ್ಟೆ. ಮೂರು ಸಾಲು ಬಂತು: ಡಿಸ್ಕ್ ಮೇಲಿನ ಕರ್ನಲ್, ಓಡುತ್ತಿರುವ ಕರ್ನಲ್, ಯೂಸರ್‌ಲ್ಯಾಂಡ್ (ಕರ್ನಲ್ ಬಿಟ್ಟು ಉಳಿದ ಮೂಲ ಸಿಸ್ಟಮ್, ಲೈಬ್ರರಿಗಳೂ ಇದರಲ್ಲೇ). ಮೂರನೆಯದರಲ್ಲಿ ಹೊಸ ನಂಬರ್ ಇತ್ತು! ಎರಡು ರಾತ್ರಿ ಸುಮ್ನೆ ಚಿಂತೆ ಮಾಡಿದ್ದೆ. ರೈತರ ಮಾಲಿನ ಲೆಕ್ಕ ಎಲ್ಲಾ ಆ ಒಂದೇ ಮಷಿನ್‌ನಲ್ಲಿದೆ, ಭಯ ಆಗುತ್ತೆ ಅಲ್ವಾ?

ಇನ್ನೊಂದು ಮುಖ್ಯ ವಿಷಯವೂ ತಿಳಿಯಿತು. 'ಫ್ರೀಬಿಎಸ್‌ಡಿ-ಅಪ್‌ಡೇಟ್' ಮೂಲ ಸಿಸ್ಟಮ್ ಅನ್ನು ಮಾತ್ರ ನೋಡಿಕೊಳ್ಳುತ್ತದೆ. ನಾವು ಬೇರೆಯಾಗಿ ಹಾಕಿಕೊಂಡ ಡೇಟಾಬೇಸ್, ವೆಬ್ ಸರ್ವರ್‌ಗೆ 'ಪಿಕೆಜಿ ಅಪ್‌ಗ್ರೇಡ್' ಕೊಡಲೇಬೇಕು. ನಾನು ಅದನ್ನು ಮಾಡಿರಲೇ ಇಲ್ಲ. 'ಪಿಕೆಜಿ ಆಡಿಟ್ -ಎಫ್' ಕೊಟ್ಟಾಗ ಸೆಕ್ಯುರಿಟಿ ದೋಷ ಇರುವ ಪ್ಯಾಕೇಜ್‌ಗಳ ಪಟ್ಟಿಯೇ ಬಂತು. ನನ್ನ ಪ್ರಕಾರ ನಿಜವಾದ ಅಪಾಯ ಇದ್ದದ್ದು ಇಲ್ಲೇ.

ಭಾನುವಾರ ಲೋಡಿಂಗ್ ಇಲ್ಲದ ಹೊತ್ತಿನಲ್ಲಿ ಮೊದಲು 'ಬಿಇಸಿಟಿಎಲ್ ಕ್ರಿಯೇಟ್' ಮಾಡಿ ಹಳೆಯ ಬೂಟ್ ಎನ್ವಿರಾನ್ಮೆಂಟ್ (ಏನಾದರೂ ಕೆಟ್ಟರೆ ಮತ್ತೆ ಬೂಟ್ ಮಾಡಬಹುದಾದ ಸಿಸ್ಟಮ್ ಪ್ರತಿ) ಉಳಿಸಿಕೊಂಡೆ. ನಮ್ಮ ಡಿಸ್ಕ್‌ನ ಫೈಲ್ ಸಿಸ್ಟಮ್ ಜೆಡ್‌ಎಫ್‌ಎಸ್ ಆದ್ದರಿಂದ ಅದು ಕ್ಷಣದಲ್ಲಿ ಮುಗಿಯಿತು. ಡೇಟಾಬೇಸ್ ಬ್ಯಾಕಪ್ ಬೇರೆ ತೆಗೆದೆ. ಆಮೇಲೆ ಅಪ್‌ಗ್ರೇಡ್, ರೀಬೂಟ್. ಎಲ್ಲಾ ಸರ್ವಿಸ್ ಎದ್ದವು. ಸೋಮವಾರ ಬೆಳಿಗ್ಗೆ ಬಿಲ್ಲಿಂಗ್ ಎಂದಿನಂತೆ ನಡೆಯಿತು.

ಉತ್ತರ ಕೊಟ್ಟ ಎಲ್ಲರಿಗೂ ಮನಸಾರೆ ಧನ್ಯವಾದ.