ಅಪ್‌ಡೇಟ್: ಡಲ್ಲಾಸ್‌ನಲ್ಲಿ ಕುಳಿತು ಗದಗಿನ ಸುದ್ದಿ

ಮಗಳ ಬಾಣಂತನಕ್ಕೆಂದು ಅಮೆರಿಕದ ಡಲ್ಲಾಸ್‌ಗೆ ಬಂದಿದ್ದೇನೆ, ಗದಗಿನ ಸುದ್ದಿಯೇ ತಿಳಿಯದೆ ಕೈಕಾಲು ಕಟ್ಟಿಹಾಕಿದಂತಾಗಿದೆ, ಏನು ಮಾಡಲಿ ಎಂದು ಹೋದ ತಿಂಗಳು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಶರಣು.

ಇ-ಪೇಪರ್ ಓದಿ ಎಂದವರೇ ಹೆಚ್ಚು. ಜಿಲ್ಲೆಯ ಆವೃತ್ತಿಯನ್ನು ಆರಿಸಿಕೊಳ್ಳಬೇಕೆಂದು ತಿಳಿಯದೆ ಅಷ್ಟು ದಿನ ಬೆಂಗಳೂರಿನ ಪುಟಗಳನ್ನೇ ತಿರುವುತ್ತಿದ್ದೆ. ಈಗ ಸರಿಹೋಗಿದೆ.

ಆದರೆ ಜೀವಕ್ಕೆ ತಂಪೆರೆದದ್ದು ರೇಡಿಯೋ. 1950ರಲ್ಲಿ ಆರಂಭವಾದ ನಮ್ಮ ಧಾರವಾಡ ಆಕಾಶವಾಣಿ, ನ್ಯೂಸ್ ಆನ್ ಏರ್ ಆ್ಯಪ್‌ನಲ್ಲಿ ಸಿಗುತ್ತದೆ ಎಂದು ಒಬ್ಬರು ತಿಳಿಸಿದ್ದರು. ಅಲ್ಲಿ ಬೆಳಗಿನ 7 ಗಂಟೆ ಎಂದರೆ ಈಗ ಇಲ್ಲಿ ಹಿಂದಿನ ರಾತ್ರಿ ಎಂಟೂವರೆ. ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಸಣ್ಣ ದನಿಯಲ್ಲಿ ಕೇಳುತ್ತೇನೆ. ಇದೇ ಹೊತ್ತಿಗೆ ನಮ್ಮ ಅಡುಗೆಮನೆಯಲ್ಲಿ ಚಹಾ ಕುದಿಯುತ್ತಿರುತ್ತದೆ ಎಂದು ನೆನೆದರೆ ಮನಸ್ಸು ಹಗುರವಾಗುತ್ತದೆ.

ಹೊಲದ ಸುದ್ದಿಯನ್ನು ಮಾತ್ರ ಯಾವ ಪತ್ರಿಕೆಯೂ ಕೊಡಲಾರದು. ಅದಕ್ಕೆ ಮೈದುನನಿಗೇ ಫೋನ್ ಮಾಡಿದೆ. "ನೀವು ಚಿಂತೆ ಮಾಡುತ್ತೀರೆಂದು ಹೇಳಲಿಲ್ಲ, ವೈನಿ" ಎಂದ. ಮುಚ್ಚಿಟ್ಟರೇ ಚಿಂತೆ ಹೆಚ್ಚು ಎಂದು ಗದರಿದೆ. ಮರುದಿನವೇ ಒಂದು ಫೋಟೋ ಬಂತು: ಅವನ ಅಂಗೈಯ ಮೇಲೆ ಸೀಳಿದ ಹೆಸರುಕಾಯಿ, ಒಳಗಿನ ಕಾಳುಗಳಲ್ಲಿ ಬೆಳ್ಳನೆಯ ಮೊಳಕೆ. ಬಿಡಿಸುವ ಹೊತ್ತಿಗೆ ಮಳೆ ಹಿಡಿದರೆ ಹೆಸರಿನ ಗತಿ ಹೀಗೆಯೇ. ಕಣ್ಣು ತುಂಬಿ ಬಂತು. ಆದರೂ ಎಷ್ಟೋ ದಿನಗಳ ನಂತರ ಆ ರಾತ್ರಿ ನಿದ್ದೆ ಹತ್ತಿತು.

ಮೇಲಿನ ಹೊಲದ ಬೆಳೆ ಇನ್ನೂ ಕೈಗೆ ಸಿಗುವಂತಿದೆಯಂತೆ. ನಾಳೆ ಅದರ ಫೋಟೋ ಕಳುಹಿಸುತ್ತೇನೆ ಎಂದಿದ್ದಾನೆ.